ಬಾಗಿಲು ತೆರೆದೇ ಇರಲಿ ಅಂದಳು ಅವ್ವ

ಹೆಸರು ಕೂಗದ ಹೊರತು ಕೋರ್ಟಿನ ಒಳಗೆ ಕಾಲಿಡಬಾರದು ಅಂತ ನಮ್ಮ ಕೇರಿಯ ಮಂದಿ ನಂಬಿದ್ದರು. ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ತಮ್ಮನ ಕೇಸಿನ ವಿಚಾರಣೆ ಶುರುವಾದ ದಿನ ವನದುರ್ಗದ ಕಡೆಯಿಂದ ಯಾದಗಿರಿಗೆ ಒಂದು ಟಂಟಂ ತುಂಬ ಜನ ಹೋದೆವು. ಬೇವಿನ ಗಿಡದ ಕೆಳಗೆ ಕುಳಿತೆವು, ಬುತ್ತಿ ಬಿಚ್ಚಿ ಉಂಡೆವು, ಸಂಜೆ ವಾಪಸು ಬಂದೆವು. ಒಳಗೆ ಹೋದವನು ತಮ್ಮ ಒಬ್ಬನೇ.

ಕೇಸು ಇಷ್ಟು. ತಮ್ಮ ಶಹಾಪುರದ ದಾರಿಯಲ್ಲಿ ಟಂಟಂ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಊರ ದೊಡ್ಡ ಮನೆಯ ಮಗ ಬಂದು, ಹತ್ತಿ ಬಿಡಿಸಲು ಹೊರಟಿದ್ದ ನಮ್ಮ ಹೆಂಗಸರನ್ನು ಇಳಿಸಿ ತನಗೆ ಜಾಗ ಮಾಡು ಅಂದ. "ಮುಂದಿನ ಟ್ರಿಪ್ಪಿಗೆ ಬರ್ರಿ" ಅಂದ ತಮ್ಮ. ಅಷ್ಟೇ. ಸಂಜೆ ಆ ಮನೆಯವರು ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಅವನನ್ನು ಕೆಳಗೆಳೆದು, ಜಾತಿ ಹಿಡಿದು ಬೈದು, ಬಡಿಗೆಯಿಂದ ಹೊಡೆದು ಕೈ ಮುರಿದರು. ಅರ್ಧ ಊರು ನೋಡಿತು. ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ಅವ್ವ.

ನಾನು ಸುರಪುರಕ್ಕೆ ಕೊಟ್ಟ ಹೆಣ್ಣು. ರವಿಕೆ ಹೊಲಿದು ಬದುಕುತ್ತೇನೆ, ಬಾಯಿ ಜೋರು ಅಂತ ತವರಿನಲ್ಲೂ ಹೆಸರು, ಗಂಡನ ಮನೆಯಲ್ಲೂ ಹೆಸರು. ಆ ದಿನ ತಮ್ಮ ಹೊರಗೆ ಬಂದಾಗ ಅವನ ಮುಖದಲ್ಲಿ ಕಳೆಯೇ ಇರಲಿಲ್ಲ. "ಬೆಂಚ್ ತುಂಬ ಅವರ ಮಂದೀನ ಕುಂತಾರ ಅಕ್ಕಾ. ನಮ್ಮವರು ಒಬ್ಬರೂ ಇಲ್ಲ" ಅಂದ. ಅವರ ಹೆಸರನ್ನು ಯಾರು ಕೂಗಿದ್ದರು? ಯಾರೂ ಇಲ್ಲ. ಸ್ವಂತ ಮನೆಯ ಪಡಸಾಲೆ ಅನ್ನುವಂತೆ ಹೋಗಿ ಕುಳಿತಿದ್ದರು. ಮುಂದಿನ ತಾರೀಖುಗಳಲ್ಲಿ ಬಂದ ಸಾಕ್ಷಿಗಳು ಆ ಬೆಂಚಿನತ್ತ ಒಮ್ಮೆ ನೋಡಿ, ನಮಗೇನೂ ಗೊತ್ತಿಲ್ಲ ಅಂತ ಉಲ್ಟಾ ಹೊಡೆದರು. ಉಳಿದವರು ಅವ್ವ ಮತ್ತು ಅಗಸಿಯ ಪಕ್ಕ ಚಹಾದಂಗಡಿ ಇಟ್ಟಿದ್ದ ಮುದುಕ. "ವಯಸ್ಸಾತು ನೋಡವಾ, ನೆನಪ ಉಳಿಯಂಗಿಲ್ಲ" ಅಂತ ಅವನು ಆಗಲೇ ರಾಗ ತೆಗೆದಿದ್ದ. ಅವ್ವನೂ ಹೆದರಿ ಬಾಯಿ ಮುಚ್ಚಿದರೆ ತಮ್ಮನ ಮಾತಿಗೆ ಆಸರೆಯೇ ಇರುತ್ತಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಸರ್ಕಾರಿ ವಕೀಲರ ಕೋಣೆಗೆ ನುಗ್ಗಿ, ಅವರಿಗೊಂದು ನ್ಯಾಯ ನಮಗೊಂದು ನ್ಯಾಯವೇನ್ರಿ ಅಂದೆ. ಆ ವಕೀಲೆ ನನ್ನನ್ನು ದಿಟ್ಟಿಸಿ ನೋಡಿದರು.

"ನಿಮಗ ಹೊರಗ ಕುಂದ್ರು ಅಂದವರು ಯಾರು? ಸಾಕ್ಷಿ ಹೇಳೋರು ಅಷ್ಟ ತಮ್ಮ ಪಾಳಿ ಬರೋತನಕ ಹೊರಗ ಇರಬೇಕು. ಉಳಿದವರು ಯಾರ ಬೇಕಾದ್ರೂ ಒಳಗ ಕುಂತು ಕೇಳಬಹುದು."

ಇಷ್ಟು ದಿನ ಬಿಸಿಲಲ್ಲಿ ಕುಳಿತದ್ದು ನೆನೆದು ಮೈ ಉರಿಯಿತು. ಅಲ್ಲಿಂದ ನೇರ ಕೋರ್ಟಿನ ಬಾಗಿಲಿಗೆ ಹೋದೆ. ಜವಾನ ಕೈ ಅಡ್ಡ ಹಿಡಿದ.

"ಯಾವ ಕೇಸು?"

"ಯಾವ ಕೇಸೂ ಅಲ್ಲ. ಕೇಳಾಕ ಬಂದೀನಿ."

"ಹಂಗ ಸುಮ್ಮನ ಕುಂದ್ರಾಕ ಬರಂಗಿಲ್ಲ."

"ಬರಂಗಿಲ್ಲ ಅಂತ ಬರದು ಕೊಡ್ರಿ. ಸಾಹೇಬ್ರಿಗೆ ತೋರಸ್ತೀನಿ."

ಅವನು ಕೈ ತೆಗೆದ. ನಾನು ಹಿಂದಿನ ಬೆಂಚಿನಲ್ಲಿ ಕಾಲು ಚಾಚಿ ಕುಳಿತೆ. ಸ್ವಲ್ಪ ಹೊತ್ತಿಗೇ ಬೇರೆ ಕೇಸಿಗಾಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹುಡುಗಿಯೊಬ್ಬಳನ್ನು ಕರೆತಂದರು. ಇದು ಬಾಗಿಲು ಹಾಕಿ ನಡೆಯುವ ವಿಚಾರಣೆ, ಸಂಬಂಧ ಇಲ್ಲದವರು ಹೊರಡಿ ಅಂದರು ನ್ಯಾಯಾಧೀಶರು. ಗೊಣಗುತ್ತ ಕುಳಿತೇ ಇದ್ದ ಗಂಡಸರನ್ನು "ಏಳ್ರಿ, ಎದ್ದೇಳ್ರಿ" ಅಂತ ನಾನೇ ಎಬ್ಬಿಸಿಕೊಂಡು ಹೊರಬಂದೆ. ಆ ಹುಡುಗಿಗೆ ಆದದ್ದನ್ನು ಕಿವಿ ಚಪಲಕ್ಕೆ ಕೇಳುವ ಹಕ್ಕು ಯಾರಪ್ಪನಿಗೂ ಇಲ್ಲ. ಆ ದಿನವೂ ಹಾಗೇ ಅಂದುಕೊಂಡೆ, ಈಗಲೂ ಹಾಗೇ ಅನ್ನುತ್ತೇನೆ.

ಅವ್ವನ ತಾರೀಖಿನ ಬೆಳಿಗ್ಗೆ ವಕೀಲೆ ನಮ್ಮನ್ನು ಕರೆದರು. ಮುದುಕಿ ಹೆದರ್ಯಾಳ, ಬೇಕಾದರೆ ಬಾಗಿಲು ಹಾಕಿ ಕೇಳಿರಿ ಅಂತ ಸಾಹೇಬರಿಗೆ ಅರ್ಜಿ ಕೊಡುತ್ತೇನೆ, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ನನಗೂ ಅದೇ ಸರಿ ಅನ್ನಿಸಿತು. ಆದರೆ ಅವ್ವ ಎಲೆಯಡಿಕೆ ಚೀಲ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದಳು:

"ಹೊಡದಿದ್ದು ಅಗಸಿಯಾಗ, ಊರ ಮುಂದ. ಹೇಳೋದು ಯಾಕ ಕದ್ದು? ಬಾಗಲಾ ತಗದ ಇರಲಿ. ನಮ್ಮ ಮಂದೀನ ಒಳಗ ಕರೀರಿ."

ಕರೆದೆ. ಕೇರಿಯ ಹೆಂಗಸರೆಲ್ಲ ಗುಡಿಗೆ ಬಂದವರಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಜವಾನ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ. ಆರೋಪಿ ಕಡೆಯ ವಕೀಲರು ತಕ್ಷಣ ಎದ್ದು, ಇವರು ಸಾಕ್ಷಿಗೆ ಹೇಳಿಕೊಡಲು ಬಂದವರು, ಹೊರಗೆ ಕಳಿಸಬೇಕು ಅಂದರು. ನ್ಯಾಯಾಧೀಶರು ದೊಡ್ಡ ಮನೆಯವರು ಕುಳಿತ ಮುಂದಿನ ಬೆಂಚು ನೋಡಿದರು, ನಮ್ಮವರು ಕುಳಿತ ಹಿಂದಿನ ಬೆಂಚು ನೋಡಿದರು.

"ಇದು ಎಲ್ಲರೂ ಕೂತು ಕೇಳಬಹುದಾದ ವಿಚಾರಣೆ. ಸದ್ದು ಮಾಡಿದವರನ್ನು ಕಳಿಸುತ್ತೇನೆ, ಯಾವ ಬೆಂಚಿನವರಾದರೂ ಸರಿ."

ಅವ್ವ ಕಟಕಟೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಯಾರು ಎಳೆದರು, ಯಾರು ಹೊಡೆದರು, ಏನಂತ ಬೈದರು. ಆ ಬೈಗುಳವನ್ನು ಅವಳ ಬಾಯಲ್ಲಿ ಕೇಳುವಾಗ ನನಗೆ ಎದ್ದು ಯಾರ ಕೊರಳಪಟ್ಟಿಯನ್ನಾದರೂ ಹಿಡಿಯಬೇಕು ಅನ್ನಿಸಿತು. ತುಟಿ ಕಚ್ಚಿ ಕುಳಿತೆ. ಪಾಟೀಸವಾಲಿನಲ್ಲಿ ಆರೋಪಿ ಕಡೆಯ ವಕೀಲರು, ನಿಮ್ಮವರು ಹಿಂದೆ ಕುಳಿತಿದ್ದಾರೆ ಅಂತ ಹೀಗೆ ಹೇಳುತ್ತಿದ್ದೀರಿ ಅಂದರು.

"ಅವರು ಇರದಿದ್ರೂ ಇದನ್ನ ಹೇಳತಿದ್ದೆ ಸಾಹೇಬ್ರ" ಅಂದಳು ಅವ್ವ. "ನಡಗಕೋತ ಹೇಳತಿದ್ದೆ, ಅಷ್ಟ."

ಊಟದ ಬಿಡುವಾಯಿತು. ದೊಡ್ಡ ಮನೆಯವರು ಹೋಟೆಲಿಗೆ ಹೋದರು. ಅವ್ವ ಉಣ್ಣಲಿಲ್ಲ. ಬಾಗಿಲು ತೆರೆದ ಕೂಡಲೇ ಹೋಗಿ ಮುಂದಿನ ಬೆಂಚಿನ ನಟ್ಟನಡುವೆ ಕುಳಿತುಬಿಟ್ಟಳು. ನಾವೂ ಅವಳ ಅಕ್ಕಪಕ್ಕ ಕುಳಿತೆವು. "ನಿಂದು ಮುಗೀತವ್ವಾ, ಮನಿಗೆ ಹೋಗು" ಅಂದ ಜವಾನ.

"ನಾನೂ ಕೇಳಾಕ ಕುಂತೀನಿ" ಅಂದಳು ಅವ್ವ.

ದೊಡ್ಡ ಮನೆಯವರು ಬಂದು, ಬೆಂಚು ತುಂಬಿದ್ದು ನೋಡಿ, ಗೋಡೆಗೆ ಒರಗಿ ನಿಂತರು. ಚಹಾದಂಗಡಿಯ ಮುದುಕನ ಹೆಸರು ಕೂಗಿದರು. ಅವನು ಕಟಕಟೆ ಹತ್ತಿ, ಎಲ್ಲ ಸಾಕ್ಷಿಗಳಂತೆ ಮೊದಲು ಬೆಂಚಿನತ್ತ ನೋಡಿದ. ಅವ್ವ ಅವನನ್ನೇ ನೋಡುತ್ತಿದ್ದಳು. ಆ ಸಂಜೆ ಅಗಸಿಯಲ್ಲಿ ನಡೆದದ್ದನ್ನು ನೋಡಿದ್ದೀಯಾ ಅಂತ ಸರ್ಕಾರಿ ವಕೀಲೆ ಕೇಳಿದರು. ಮುದುಕ ಗೋಡೆಗೆ ಒರಗಿದವರತ್ತ ಒಮ್ಮೆ ನೋಡಿ, ಮತ್ತೆ ಅವ್ವನತ್ತ ತಿರುಗಿದ.

"ನೋಡೀನ್ರಿ" ಅಂದ.