ಎತ್ತರದಿಂದ ಇಳಿದು ಬಂದ ಲೀಲಣ್ಣ

ಗಂಗೊಳ್ಳಿ ಬಂದರಿನಲ್ಲಿ ಬೆಳಗು ಇನ್ನೂ ಹಾಲುಬಣ್ಣದಲ್ಲಿದೆ. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು, ಗೊತ್ತಾಗುವುದಿಲ್ಲ. ಮಳೆಗಾಲದ ರಜೆ ಮುಗಿದು ನಾಳೆ ಬೋಟುಗಳೆಲ್ಲ ಕಡಲಿಗಿಳಿಯುತ್ತವೆ. ಮೀನುಗಾರ ಚಂದ್ರ ಅವರ ಹೊಸ ಬೋಟಿನಲ್ಲಿ ಅರವತ್ತರ ಹೊಸ್ತಿಲಲ್ಲಿರುವ ಒಬ್ಬರು ಕಣ್ಣು ಮುಚ್ಚಿ, ಬರಿಗಾಲಲ್ಲಿ ನಿಂತಿದ್ದಾರೆ. ಎಂಜಿನ್ನಿನ ಮಾತನ್ನು ಅವರು ಅಂಗಾಲಿನಿಂದ ಕೇಳುತ್ತಾರೆ.

ಇವರು ಲೀಲಾಧರ ಮೊಗವೀರ. ವಾಯುಪಡೆಯಲ್ಲಿ ಹೊಸ ಜೆಟ್ ವಿಮಾನಗಳನ್ನು ಮೊದಲು ಹಾರಿಸಿ ಪರೀಕ್ಷಿಸುತ್ತಿದ್ದ ಪೈಲಟ್. 1997ರಲ್ಲಿ ಪುಟ್ಟ ಜೆಟ್ ಒಂದನ್ನು ಆ ಬಗೆಯ ಯಾವ ವಿಮಾನವೂ ಏರದಿದ್ದ ಎತ್ತರಕ್ಕೆ ಒಯ್ದು ದಾಖಲೆ ಬರೆದವರು. ಊರಿಗೆ ಮರಳಿ ಮೂರು ವರ್ಷವಾಯಿತು. ಬಂದರಿನವರಿಗೆ ಅವರು ಮೀನು ಮಾರುತ್ತಿದ್ದ ಬೆಳ್ಳಿಯ ಮಗ, ಅಷ್ಟೆ.

ಬೋಟು ಪರೀಕ್ಷಿಸಲು ಕರೆದರೆ ಅವರದೊಂದು ಹಟ: ಮೊದಲು ಒಳಗೆ ಮೀನಿನಷ್ಟೇ ಭಾರದ ಐಸ್ ತುಂಬಿಸಬೇಕು. ಕರಗಿಹೋಗುವ ಐಸ್ ಕಂಡು ಮಾಲೀಕರು ಗೊಣಗುತ್ತಾರೆ. "ಖಾಲಿ ಬೋಟ್ ಎಲ್ಲಾ ಒಳ್ಳೇದೇ. ಮೀನ್ ತುಂಬ್ದಾಗ ಅಲ್ದಾ ಅದ್ರ ಗುಣ ಕಾಂಬುದ್?" ಎನ್ನುತ್ತಾರೆ ಲೀಲಾಧರ.

ನದಿ ಕಡಲು ಸೇರುವ ಅಳಿವೆಯ ಬಳಿ ಬೋಟು ಬಂದಾಗ ಅವರು ಕಣ್ಣು ತೆರೆಯುತ್ತಾರೆ. "ಚಂದ್ರ, ನಾಳಿಗ್ ಬ್ಯಾಡ. ಅಡಿಲಿ ಫ್ಯಾನ್ ತಿರ್ಗ್ಸು ಶಾಫ್ಟ್ ನಡುಗ್ತಾ ಇತ್ತ್."

ಚಂದ್ರ ಅವರ ಮುಖ ಇಳಿಯುತ್ತದೆ. ವರ್ಷದ ಮೊದಲ ಮೀನು ಕೈತಪ್ಪಿತು. "ಹ್ವಾಯ್ ಲೀಲಣ್ಣ, ಎಂತ ಮರಾಯ್ರೆ! ಆಕಾಶಕ್ ಹೋಯಿ ರೆಕಾರ್ಡ್ ಮಾಡ್ದರ್ ನೀವ್, ಈ ನೀರಿಗ್ ಹೆದ್ರುದಾ?"

"ಹೆದ್ರದೇ ಇದ್ದಿದ್ರೆ ನಾ ಇವತ್ತ್ ಇಲ್ಲಿ ಇರ್ತಿದ್ನಾ ಮಾರಾಯಾ?"

ಹಿಂದಿರುಗುವ ದಾರಿಯಲ್ಲಿ ಅವರ ದನಿ ಮೆತ್ತಗಾಗುತ್ತದೆ. 1999ರಲ್ಲಿ ತಮ್ಮದೇ ದಾಖಲೆ ಮುರಿಯಲು ಹೊರಟಿದ್ದರಂತೆ. "ಅಷ್ಟ್ ಮೇಲೆ ಹಗಲಿಗೂ ಆಕಾಶ ಕಪ್ಪ್. ಕೆಳಗೆ ಭೂಮಿ ಯಾರೋ ಮಡ್ಚಿಟ್ಟ ಸೀರಿ ಕಂಡಂಗ್. ಇಳುಕೇ ಮನಸ್ ಬರ್ಲಿಲ್ಲ." ಇನ್ನು ಸ್ವಲ್ಪ ಏರಿದರೆ ಸಾಕಿತ್ತು. ಆಗ ಕೈಯಲ್ಲಿದ್ದ ವಿಮಾನದ ಹಿಡಿಕೆ ಸಣ್ಣಗೆ ನಡುಗಿತು. ಅವರು ಇಳಿದು ಬಂದರು. ಬಿಚ್ಚಿ ನೋಡಿದಾಗ ವಿಮಾನದ ಬಾಲದಲ್ಲಿ ಬಿರುಕು. ಅದೇ ವಿಮಾನ ರಿಪೇರಿಯಾದ ಮೇಲೆ ರಾಜೇಂದ್ರ ಎಂಬ ಕಿರಿಯ ಪೈಲಟ್ ಇನ್ನೂ ಮೇಲಕ್ಕೆ ಹೋದರು. ದಾಖಲೆ ಈಗ ಅವರದು.

"ಹೊಟ್ಟಿ ಉರಿಲಿಲ್ಯಾ?" ಎನ್ನುತ್ತಾರೆ ಚಂದ್ರ.

"ಉರಿದೇ ಇಪ್ಪುದಾ? ಒಂದ್ ವಾರ ಊಟ ಸೇರ್ಲಿಲ್ಲ."

ಮರುದಿನ ಬೋಟುಗಳು ಸಾಲಾಗಿ ಹೊರಡುತ್ತವೆ, ಬೆಳಕಿನೊಳಗೆ ಒಂದೊಂದಾಗಿ ಕರಗುತ್ತವೆ. ಚಂದ್ರ ಅವರದು ದಡದಲ್ಲೇ ಇದೆ. ಅವರೊಬ್ಬರೇ ಕೂತು ನೋಡಬಾರದೆಂದು ಲೀಲಾಧರರು ಬಂದು ಪಕ್ಕದಲ್ಲಿ ಕೂರುತ್ತಾರೆ. ಚಂದ್ರ ಸರಿದು ಜಾಗ ಕೊಡುತ್ತಾರೆ. ಅಷ್ಟರಲ್ಲಿ ಮೆಕ್ಯಾನಿಕ್ ಬೋಟಿನಡಿಯಿಂದ ಬಿಚ್ಚಿದ ಶಾಫ್ಟಿನ ಬೋಲ್ಟು ತಂದು ಇಬ್ಬರ ನಡುವೆ ಇಡುತ್ತಾರೆ. ಅದು ಅರ್ಧ ಸೀಳಿದೆ.

ಚಂದ್ರ ಅದನ್ನು ಬಹಳ ಹೊತ್ತು ತಿರುಗಿಸಿ ನೋಡುತ್ತಾರೆ. ಚಹಾ ತಂದ ಅವರ ಹೆಂಡತಿ ಜಲಜ ಕೂಡ ನೋಡುತ್ತಾರೆ.

"ರೆಕಾರ್ಡ್ ರಾಜೇಂದ್ರಂದ್," ಎನ್ನುತ್ತಾರೆ ಲೀಲಾಧರ, ಯಾರೂ ಕೇಳದಿದ್ದರೂ. "ನಾ ಕಂಡ್ ಕೊಟ್ಟ ವಿಮಾನ ಹತ್ತಿದವ್ರೆಲ್ಲ ಮನಿಗ್ ಬಂದ್ ಉಂಡಿದ್ರ್. ನಂಗ್ ಅಷ್ಟ್ ಸಾಕ್."

ಜಲಜ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. "ಹಂಗಾರೆ ಇವತ್ತ್ ನೀವೂ ನಮ್ಮನೆಲಿ ಉಂಡೇ ಹೋಪುದ್."