ಇಪ್ಪೆಮರದ ಕೊಟ್ಟಿಗೆ

ಕುಂತೂರಿನ ದೊಡ್ಡಮಾದಪ್ಪನಿಗೆ ಗದ್ದೆ, ಹೊಲ, ಕಣ, ಹಟ್ಟಿ ತುಂಬ ದನ ಎಲ್ಲವೂ ಇದ್ದವು. ಮಗಳು ಶಿವರತ್ನಮ್ಮನಿಗೆ ಅವನು ಕೊಟ್ಟದ್ದು ಒಂದು ಮರ. ಕೇಳಿದವರು ಹುಬ್ಬೇರಿಸಬೇಕಾಗಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅಷ್ಟು ಸಿಕ್ಕಿದ್ದೇ ದೊಡ್ಡದು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಗಾದೆ ಕಟ್ಟಿಟ್ಟುಕೊಂಡ ಜನಕ್ಕೂ ಒಮ್ಮೊಮ್ಮೆ ಮನಸ್ಸು ಚುಚ್ಚುತ್ತಿತ್ತು. ಆಗ ಹಿತ್ತಲಿನ ಹುಣಸೆಯನ್ನೋ ಹೊಲದ ಬದುವಿನ ಹಲಸನ್ನೋ ತೋರಿಸಿ, ‘ಇದು ನಿನ್ನ ಅರಿಸಿನ ಕುಂಕುಮಕ್ಕೆ’ ಎಂದುಬಿಡುತ್ತಿದ್ದರು. ನೆಲ ಗಂಡುಮಕ್ಕಳದು, ಅದರ ಮೇಲೆ ನಿಂತ ಮರದ ಫಲ ಮಗಳದು.

ಶಿವರತ್ನಮ್ಮನ ಪಾಲಿಗೆ ಬಂದದ್ದು ಕಣದ ಅಂಚಿನ ಇಪ್ಪೆಮರ. ಇಬ್ಬರು ತೋಳು ಕೂಡಿಸಿದರೂ ಬುಡ ಸಿಗುತ್ತಿರಲಿಲ್ಲ. ಧಾರೆಯ ದಿನ ದೊಡ್ಡಮಾದಪ್ಪ ಬೀಗರ ಎದುರಿಗೆ, ಮಠದ ಗುರುಪಾದಸ್ವಾಮಿಗಳ ಎದುರಿಗೆ ಮರದ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದ್ದ. ಹುಡುಗಿ ಹದಿನಾಲ್ಕು ವರ್ಷದವಳು. ಯಳಂದೂರು ಸೀಮೆಯ ಹೊನ್ನೂರಿಗೆ ಸೊಸೆಯಾಗಿ ಹೋದಳು. ಅದು ಮೈಸೂರು ಮಹಾರಾಜರ ನೆಲ, ಇದು ಮದರಾಸು ಸರ್ಕಾರದ್ದು. ನಡುವೆ ಇದ್ದದ್ದು ಅರ್ಧ ದಿನದ ನಡಿಗೆ.

ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ, ಆಷಾಢದಲ್ಲಿ ಇಪ್ಪೆಕಾಯಿ ಉದುರುವ ಹೊತ್ತಿಗೆ ಅವಳು ತವರಿಗೆ ಬಂದಳು. ಯಾರೂ ಕರೆಯುತ್ತಿರಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ. ಬೇರೆ ಹೆಣ್ಣುಮಕ್ಕಳು ಅಣ್ಣಂದಿರು ಗೌರಿಹಬ್ಬಕ್ಕೆ ಕರೆದಾರೇ ಎಂದು ಬಾಗಿಲಲ್ಲಿ ಕಣ್ಣು ನೆಟ್ಟು ಕೂರುವಾಗ ಇವಳು ಸೆರಗು ಬಿಗಿದು ಹೊರಟುಬಿಡುತ್ತಿದ್ದಳು. ಎಂಟು ದಿನ ಬೀಜ ಆಯುವುದು, ಒಣಗಿಸುವುದು, ಸಿಪ್ಪೆ ಬಿಡಿಸಿ ಗಾಣಕ್ಕೆ ಹಾಕುವುದು. ಎಣ್ಣೆ ಎಷ್ಟು ಮಹಾ ಬರುತ್ತಿತ್ತು! ದೀಪಕ್ಕೂ ತಲೆಗೂ ಒಂದು ವರ್ಷಕ್ಕೆ ಸಾಲದು. ಆದರೆ ಆ ಎಂಟು ದಿನ ಅವಳು ಅತ್ತಿಗೆಯ ಮನೆಯ ನೆಂಟಳಲ್ಲ. ತನ್ನ ಕೆಲಸಕ್ಕೆ ಬಂದ ಹೆಂಗಸು. ಉಂಡ ತುತ್ತು ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು.

ಅಪ್ಪ ಸತ್ತ ಮೇಲೂ ಇದು ನಡೆಯಿತು. ಅಣ್ಣ ಪುಟ್ಟಮಲ್ಲಪ್ಪ ಯಜಮಾನನಾದ. ಅವನು ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ನಾಲ್ಕು ಶಾಪ ಹಾಕಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು.

ಶಿವರತ್ನಮ್ಮನ ಗಂಡ ತೀರಿಕೊಂಡದ್ದು ಅವಳ ಮೂವತ್ತೆಂಟನೆಯ ವಯಸ್ಸಿನಲ್ಲಿ. ಮಕ್ಕಳಿರಲಿಲ್ಲ. ಮೈದುನರ ಮನೆಯಲ್ಲಿ ಸಗಣಿ ಬಾಚುವ ಕೆಲಸ ಮಾತ್ರ ಯಾರೂ ಕಿತ್ತುಕೊಳ್ಳದೆ ಅವಳಿಗೇ ಉಳಿಯಿತು. ಬರಿ ಹಣೆಗೆ ವಿಭೂತಿ ಹಚ್ಚಿಕೊಂಡು ಆ ವರ್ಷದ ಆಷಾಢದಲ್ಲಿ ಬಂದಾಗ ಪುಟ್ಟಮಲ್ಲಪ್ಪ ಹೊಸ ಕೊಟ್ಟಿಗೆ ಕಟ್ಟಿಸುವ ಸಂಭ್ರಮದಲ್ಲಿದ್ದ.

“ತಗಡು ತರಿಸ್ತಿವ್ನಿ ಕಣಮ್ಮಿ, ಕೊಯಮತ್ತೂರಿಂದ. ಕಬ್ಬುಣದ ಕಂಬ, ತಗಡಿನ ಸೂರು. ಗೆದ್ಲು ಇಡಿಯಲ್ಲ, ಉಳ ಬೀಳಲ್ಲ. ನನ್ ಮೊಮ್ಮಕ್ಕಳ ಕಾಲದಗಂಟ ಅಲ್ಲಾಡಲ್ಲ” ಎಂದ. ಸುತ್ತಲ ಹತ್ತು ಹಳ್ಳಿಯಲ್ಲಿ ಯಾರ ಕೊಟ್ಟಿಗೆಗೂ ತಗಡಿರಲಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ.

ಶಿವರತ್ನಮ್ಮನಿಗೆ ಸುಮ್ಮನಿರಲು ಆಗಲಿಲ್ಲ. ಹೊನ್ನೂರಿನಲ್ಲಿ ಅವಳು ಬಾಚುತ್ತಿದ್ದದ್ದು ತಗಡಿನ ಕೊಟ್ಟಿಗೆಯ ಸಗಣಿಯನ್ನೇ.

“ಬ್ಯಾಡ ಕಣಣ್ಣ, ಆ ಪಾಪ ಕಟ್ಕಬ್ಯಾಡ. ನಮ್ಮಟ್ಟೀಲಿ ಆಕುಸ್ಬುಟ್ಟು ಅನುಭವುಸ್ತಾ ಇಲ್ವಾ? ಬ್ಯಾಸ್ಗೇಲಿ ಒಳಕ್ಕೆ ಕಾಲಿಟ್ರೆ ಬಾಣಲೀಗಿಳ್ದಂಗಾಯ್ತದೆ. ಮಳೆ ಉಯ್ದ್ರೆ ಆ ಸದ್ದಿಗೆ ಅಸ ಸೊರ ಬುಡಾಕಿಲ್ಲ, ಆಲೇ ಇಳ್ಯಾಕಿಲ್ಲ. ಓದೊರ್ಸ ಗಾಳೀಲಿ ಒಂದು ತಗಡು ಕಿತ್ಕಬಂದು ಎತ್ತಿನ ಬೆನ್ನ ಮೇಲಿನ ಇಣಿಲು ಕುಯ್ದಾಕ್ಬುಡ್ತು. ಬಾಯಿಲ್ದ ಜೀವ ಕಣಣ್ಣ, ಯಾರ್ಗೇಳ್ಕತವೆ? ಮರದಲ್ಲಿ ಕಟ್ಸು, ಮೇಲೆ ನಾಡಂಚು ಒದಿಸು.”

ಪುಟ್ಟಮಲ್ಲಪ್ಪ ನಕ್ಕ. ಆದರೆ ಅವಳು ಬಿಡಲಿಲ್ಲ. ಬೀಜ ಆಯುತ್ತ ಹೇಳಿದಳು, ಉಣ್ಣಲು ಕೂತಾಗ ಹೇಳಿದಳು. ಗಬ್ಬದ ಹಸುವಿನ ಬೆನ್ನು ಸವರಿ, “ಇದನ್ನ ಆ ಕಾದ ತಗಡಿನ ಕೆಳಕ್ಕೆ ಕಟ್ಟೀಯಾ?” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಏಳನೆಯ ದಿನ ಅಣ್ಣ ಸೋತ. “ಆಯ್ತು ಬುಡು, ಮರದಲ್ಲೇ ಕಟ್ಟುಸ್ತೀನಿ” ಎಂದ. ಮರ ಎಂದರೆ ಹನೂರಿನ ಕಾಡಿನಿಂದ ಗಾಡಿಯಲ್ಲಿ ಬರುವ ಹೊನ್ನೆ, ಮತ್ತಿ ಎಂದೇ ಅವಳ ಎಣಿಕೆ. ಊರಿನಲ್ಲಿ ಎಲ್ಲರೂ ಕಟ್ಟುತ್ತಿದ್ದದ್ದು ಅದರಲ್ಲೇ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡೆ ಎಂದು ಅವಳಿಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಮರುವರ್ಷದ ಆಷಾಢ. ಕುಂತೂರಿನ ಏರಿ ಹತ್ತಿದರೆ ಮೊದಲು ಕಾಣುವುದೇ ಇಪ್ಪೆಮರದ ತಲೆ. ಅವಳು ಏರಿ ಹತ್ತಿ ನಿಂತಳು. ದಾರಿ ತಪ್ಪಿದೆನೇ ಎಂದು ಹಿಂದಕ್ಕೆ ನೋಡಿದಳು. ದಾರಿ ಅದೇ, ಕೆರೆ ಅದೇ, ಹೆಂಚುಗಳೂ ಅವೇ. ಕಣದ ಮೇಲಿನ ಆಕಾಶ ಮಾತ್ರ ಬೋಳಾಗಿತ್ತು.

ಪುಟ್ಟಮಲ್ಲಪ್ಪ ಓಡಿಬಂದು ಅವಳ ಕೈಯ ಗಂಟು ತೆಗೆದುಕೊಂಡ. “ಬಾ ಬಾ, ನೋಡ್ಬಾ” ಎಂದು ಕೊಟ್ಟಿಗೆಯೊಳಕ್ಕೆ ಕರೆದೊಯ್ದ. ಕೆಂಪಗೆ ಮಿನುಗುವ ಆರು ಕಂಬ, ಉದ್ದಕ್ಕೂ ಒಂದೇ ತೊಲೆ, ನಯವಾಗಿ ಹತ್ತರಿ ಹೊಡೆದ ಬಾಗಿಲುವಾಡ. ಎಂಟು ದನ ಮಲಗಿ ಮೆಲುಕು ಹಾಕುತ್ತಿದ್ದವು. ಒಳಗೆ ಎಂಥ ತಂಪು!

“ನೀನೇಳ್ದಂಗೇ ಮಾಡ್ದೆ. ತಗಡು ತಂದಿದ್ರೆ ಎಂಥ ತಪ್ಪಾಗೋದು ಕಣಮ್ಮಿ! ಊರೆಲ್ಲ ಬಂದು ನೋಡ್ಕಂಡೋಯ್ತಾದೆ” ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ತಂಗಿ ಮೆಚ್ಚುತ್ತಾಳೆಂದು ನಿಜವಾಗಿಯೂ ಕಾದಿದ್ದ.

ಶಿವರತ್ನಮ್ಮ ಕಂಬ ಮುಟ್ಟಿ ನೋಡಿದಳು. “ಇದು ನನ್ ಮರ ಅಲ್ವಾ ಅಣ್ಣ?”

ಪುಟ್ಟಮಲ್ಲಪ್ಪ ಗೊಂತಿನ ಹುಲ್ಲು ಸರಿಮಾಡುತ್ತ ಹೇಳಿದ: “ಅನೂರಿಂದ ತರಾನ ಅಂದ್ರೆ ಫಾರೆಸ್ಟ್‌ನೋರ ಚೀಟಿಗೆ ಆರು ತಿಂಗ್ಳು ಅಲೀಬೇಕು. ಇದು ಕಣದಲ್ಲೇ ಇತ್ತು. ಅಪ್ಪ ಕೊಟ್ಟದ್ದು ಅರಿಸ್ನ ಕುಂಕುಮಕ್ಕೆ. ಈಗ ನಿಂಗೆ ಅದ್ರ ಅಗತ್ಯ ಎಲ್ಲದೆ, ನೀನೇ ಯೋಳು.”

ಅವನು ಮೆತ್ತಗೇ ಹೇಳಿದ. ಗಂಡ ಸತ್ತವಳಿಗೆ ಅರಿಸಿನ ಕುಂಕುಮವಿಲ್ಲ, ಅರಿಸಿನ ಕುಂಕುಮಕ್ಕೆಂದು ಬಿಟ್ಟ ಮರ ಹಾಗಾಗಿ ಮನೆಗೆ ವಾಪಸು ಬಂತು. ಲೆಕ್ಕ ಎಷ್ಟು ಸಲೀಸು ನೋಡಿ! ಬೇಲಿಯೇ ಎದ್ದು ಹೊಲ ಮೇಯುವಾಗ ಬೇಲಿಗೂ ಒಂದು ನ್ಯಾಯ ಇದ್ದೇ ಇರುತ್ತದೆ.

ಕೊಟ್ಟಿಗೆ ಕಟ್ಟಿದ ನಾಗಾಚಾರಿ ಬೀದಿಯಲ್ಲಿ ಸಿಕ್ಕಾಗ ತಲೆ ತಗ್ಗಿಸಿದ. “ನಾನು ಕೇಳ್ದೆ ಕಣವ್ವ, ಇದು ರತ್ನಮ್ಮೋರ ಮರ ಅಲ್ವಾ ಯಜಮಾನ್ರೆ ಅಂತ. ಅವರು ಕೊಡ್ಲಿ ಅಂಚು ನೋಡ್ತಾ ನಿಂತ್ಕಂಡ್ರು, ಆಮೇಲೆ ಕಡಿ ಅಂದ್ರು” ಎಂದ. ಅಂದರೆ ಅಣ್ಣನಿಗೆ ಗೊತ್ತಿತ್ತು. ಆ ಒಂದು ಮಾತು ಅವಳನ್ನು ಮಠಕ್ಕೆ ನಡೆಸಿತು.

ಗುರುಪಾದಸ್ವಾಮಿಗಳಿಗೆ ಆಗ ಎಪ್ಪತ್ತು ದಾಟಿತ್ತು. ಧಾರೆಯ ದಿನ ಎದುರಿಗಿದ್ದ ಹಿರಿಯರಲ್ಲಿ ಬದುಕಿದ್ದವರು ಅವರೊಬ್ಬರೇ. ಪುಟ್ಟಮಲ್ಲಪ್ಪನ ಜಗಲಿಗೆ ಬಂದು ಕೂತರು, ಕೊಟ್ಟಿಗೆ ನೋಡಿದರು, ಮಜ್ಜಿಗೆ ಕುಡಿದರು. ಊರಿನ ನಾಲ್ಕು ಜನ ಸೇರಿದರು.

“ದೊಡ್ಡಮಾದಪ್ಪ ಮರ ಕೊಟ್ಟದ್ದು ದಿಟ. ಅರಿಸಿನ ಕುಂಕುಮಕ್ಕೆ ಅಂತ ಕೊಟ್ಟದ್ದೂ ದಿಟ. ಒಂದೇ ಹೊಟ್ಟೇಲಿ ಹುಟ್ಟಿದೋರು, ನೀವೇ ಕೂತು ಮಾತಾಡ್ಕಳ್ಳಿ” ಎಂದರು. ಹೀಗೆ ಅಡ್ಡಗೋಡೆಯ ಮೇಲೆ ದೀಪವಿಟ್ಟು ಎದ್ದರು. ಉಳಿದವರು ಬಿದ್ದ ಮರ ಎಬ್ಬಿಸಲಾಗುತ್ತದೆಯೇ, ದನಗಳಾದರೂ ಸುಖವಾಗಿವೆ ಎಂದು ಆಡಿಕೊಂಡು ಹೋದರು. ಅವರಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ದನಗಳು ಸುಖವಾಗಿಯೇ ಇದ್ದವು. ಆ ಸುಖ ಬೇಡಿದವಳೂ ಅವಳೇ. ಹೀಗಾಗಿ ಬೈಯಲು ಅವಳಿಗೆ ಬಾಯಿ ಕೂಡ ಉಳಿಯಲಿಲ್ಲ.

ಪುಟ್ಟಮಲ್ಲಪ್ಪನಿಗೂ ಸಂಕಟವಾಗಿರಬೇಕು. ಗಂಟು ಕಟ್ಟುತ್ತಿದ್ದ ತಂಗಿಯ ಮುಂದೆ ಬಂದು ನಿಂತ.

“ಯಾಕಮ್ಮಿ ಇಂಗ್ ಮಾಡೀಯೆ? ಒಂದು ಮರ ಓದ್ರೆ ತವರೋಯ್ತದಾ? ಅಣ್ಣನ ಮನೆ ಬಾಗ್ಲು ಯಾವಾಗ್ಲೂ ತೆರ್ದಿರ್ತದೆ.”

ಶಿವರತ್ನಮ್ಮ ತಲೆಯೆತ್ತಿದಳು. “ಬಾಗ್ಲು ನಿಂದು ಕಣಣ್ಣ. ನೀನು ಕರುದ್ರೆ ಬರ್ಬೇಕು. ಮರ ನಂದಾಗಿತ್ತು, ಕರೀದಿದ್ರೂ ಬರ್ತಿದ್ದೆ.”

ಪುಟ್ಟಮಲ್ಲಪ್ಪನನ್ನು ಒಳಗಿನಿಂದ ಹೆಂಡತಿ ಕರೆದಳು, ಹೋದ.

ಅವಳು ಬರಿಗೈಯಲ್ಲಿ ಹೊನ್ನೂರಿಗೆ ನಡೆದಳು. ಎಣ್ಣೆ ಎಲ್ಲಿ ಎಂದು ಓರಗಿತ್ತಿ ಕೇಳಿದಾಗ ಈ ವರ್ಷ ಮರ ಬಿಡಲಿಲ್ಲ ಎಂದಳು. ತವರಿನ ಮರ್ಯಾದೆಯನ್ನು ಅವಳೇ ಕಾಯಬೇಕಲ್ಲ. ಮರುವರ್ಷವೂ ಅದನ್ನೇ ಹೇಳಿದಳು. ಮೂರನೆಯ ವರ್ಷ ಯಾರೂ ಕೇಳಲಿಲ್ಲ.

ಆಮೇಲಿನ ಹದಿನೈದು ವರ್ಷದಲ್ಲಿ ಅಣ್ಣ ಎರಡು ಸಲ ಕರೆದ. ಎರಡೂ ಮಕ್ಕಳ ಮದುವೆಗೆ. ಮುತ್ತೈದೆಯರ ಸಾಲು ಮುಗಿದ ಮೇಲೆ ಮೂಲೆಯಲ್ಲಿ ಕೂತು ಉಂಡು, ಸಂಜೆಗೇ ಎದ್ದು ಬಂದಳು. ಕರೆಯಬಾರದೆಂದು ಅವನೇನೂ ಪಣ ತೊಟ್ಟಿರಲಿಲ್ಲ. ಇಂದು ನಾಳೆ ಎನ್ನುತ್ತ ಮರೆತ, ಅಷ್ಟೇ. ಬೇಕೆಂದೇ ದೂರವಿಟ್ಟಿದ್ದರೆ ಅದರಲ್ಲೊಂದು ನೆನಪಾದರೂ ಇರುತ್ತಿತ್ತು ಎಂದು ಆಷಾಢದ ಗಾಳಿ ಬೀಸುವಾಗ ಅವಳಿಗೆ ಅನಿಸುತ್ತಿತ್ತು.

ಪುಟ್ಟಮಲ್ಲಪ್ಪ ಸತ್ತ ಸುದ್ದಿ ಅವಳಿಗೆ ಸಿಕ್ಕಿದ್ದು ಯಳಂದೂರಿನ ಸಂತೆಗೆ ಬಂದ ಗಾಡಿಯವನ ಬಾಯಿಂದ. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕೇಳಿದರೆ ಹೋಗಬೇಕು ಎಂಬುದು ನಮ್ಮ ಕಡೆಯ ಕಟ್ಟು. ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಅಲ್ಲೇ ಇಟ್ಟು ಅವಳು ಕುಂತೂರಿನ ದಾರಿ ಹಿಡಿದಳು.

ಹೆಣವನ್ನು ನಡುಮನೆಯಲ್ಲಿ ಕೂರಿಸಿ ವಿಭೂತಿ ಬಳಿದು ಹೂ ಹಾಕಿದ್ದರು. ಅಣ್ಣನ ಸೊಸೆ ಇವಳನ್ನು ನೋಡಿ, “ಅಯ್ಯೊ, ಸೋದರತ್ತೆಗೆ ಯಾರೂ ಯೋಳಿ ಕಳಿಸ್ಲೇ ಇಲ್ವಲ್ಲ” ಎಂದು ಪೇಚಾಡಿಕೊಂಡಳು. ಶಿವರತ್ನಮ್ಮ ಜನ ಸರಿಸಿ ಮುಂದೆ ಹೋದಳು. ಅಣ್ಣನ ತಣ್ಣಗಾದ ಪಾದ ಹಿಡಿದು ಕೂತಳು. ಇಷ್ಟು ವರ್ಷ ಒಳಗೆ ಕಟ್ಟಿಟ್ಟದ್ದೆಲ್ಲ ಕಿತ್ತುಕೊಂಡು ಬಂತು.

“ಇವತ್ತು ಯಾರೂ ಕರೀಬೇಕಾಗಿಲ್ಲ ಅಂತ ಬಂದೆ ಕಣಣ್ಣ. ಕರೀದೆ ನಾನು ಬರಕ್ಕೆ ನೀನು ಸಾಯ್ಬೇಕಾಯ್ತಲ್ಲೊ!”