ರಾಹುಕಾಲ ಮುಗಿಯುವವರೆಗೆ ಕಾಯದ ಮಗು

ಗೆಳೆಯರೇ, ನಾನೂ ಗಡಿಯಾರ ನೋಡಿದೆ ಎಂಬ ಮಾತನ್ನು ಬರೆಯದೆ ಬಿಡುವುದರಲ್ಲಿದ್ದೆ.

ಇವತ್ತು ಬೆಳಿಗ್ಗೆ ತಮಿಳುನಾಡಿನ ತೇನಿಯ ಆಸ್ಪತ್ರೆಯಲ್ಲಿ ಅಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಡಾಕ್ಟರಮ್ಮ ಸ್ಕ್ಯಾನ್‌ನಲ್ಲಿ ಮಗುವಿನ ಮಿದುಳಿನ ರಕ್ತದ ಹರಿವು ನೋಡಿ, "ಮಗುವಿಗೆ ಆಮ್ಲಜನಕ ಸಾಲುತ್ತಿಲ್ಲ. ಅದಕ್ಕೇ ತಲೆಗೆ ಹೆಚ್ಚು ರಕ್ತ ಎಳೆದುಕೊಳ್ಳುತ್ತಿದೆ. ಈಗಲೇ ಆಪರೇಷನ್ ಮಾಡಬೇಕು" ಎಂದರು.

ಅವಳ ಅತ್ತೆ ಒಪ್ಪಿಗೆ ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. "ತಲೆಗೆ ರತ್ತ ಜಾಸ್ತಿ ಹೋದ್ರೆ ಬುದ್ಧಿವಂತ ಪಿಳ್ಳೆ ತಾನೇ? ಹನ್ನೆರಡಕ್ಕೆ ರಾಹುಕಾಲ ಮುಗೀಲಿ, ಆಮೇಲೆ ಕುಯ್ಯಲಿ."

ಆಗ ಹತ್ತು ಮುಕ್ಕಾಲು. ಒಂದೂಕಾಲು ಗಂಟೆ ತಾನೇ ಎಂದು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನೂ ಒಂದು ಕ್ಷಣ ಯೋಚಿಸಿದೆ. ನಾಚಿಕೆಯಾಗುತ್ತದೆ. ಹೆರುವವಳನ್ನು ನಮ್ಮಲ್ಲಿ ಯಾರೂ ಕೇಳಲೇ ಇಲ್ಲ.

ಅವಳೇ ಹಾಸಿಗೆಯಿಂದ ಕೈ ಚಾಚಿದಳು. "ಚಿಕ್ಕವ್ವ, ಆ ಕಾಗ್ದ ಇಸ್ಕೊಂಡು ಇಲ್ಲಿ ಕೊಡು. ಸೈನು ನಾನೇ ಹಾಕ್ತೀನಿ."

ಕಿತ್ತುಕೊಂಡು ಕೊಟ್ಟೆ.

ಹನ್ನೊಂದು ಇಪ್ಪತ್ತಕ್ಕೆ ಮಗು ಜೋರಾಗಿ ಅತ್ತಿತು. ಅತ್ತೆ ಆಗಲೇ ನರ್ಸಮ್ಮನ ಬೆನ್ನು ಹತ್ತಿದ್ದರು: "ಹುಟ್ಟಿದ್ದು ಹನ್ನೆರಡು ಐದಕ್ಕೆ ಅಂತ ಬರ್ಕೊಳಮ್ಮಾ."

ಅದಕ್ಕೇ ನಿಜವಾದ ಹೊತ್ತನ್ನು ಇಲ್ಲಿ ಬರೆದಿಟ್ಟಿದ್ದೇನೆ. ಯಾರಾದರೂ ಅದನ್ನು ತಿದ್ದುವ ಮುನ್ನ, ಶುಕ್ರವಾರವಾದ ಇವತ್ತೇ ಇದನ್ನು ಪೋಸ್ಟ್ ಮಾಡುತ್ತಿದ್ದೇನೆ.